ಕ್ಯಾಂಪರ್ ಪಿಕಪ್ ಹಿಂದೆ ದೋಣಿ ಟ್ರೇಲರ್ ಕಟ್ಟಿಕೊಂಡು ದೇವಿಮನೆ ಘಟ್ಟ ಇಳಿಯಬಹುದಾ?

ಶಿರಸಿ_ಪಿಕಪ್:
ಎಲ್ಲರಿಗೂ ನಮಸ್ಕಾರ. ನನ್ನ ಪಿಕಪ್ ಮೇಲೆ ಮಲಗುವ ಡಬ್ಬ ಕೂರಿಸಿದ್ದೇನೆ. ಒಳಗೆ ಮಂಚ, ಗ್ಯಾಸ್ ಒಲೆ, 60 ಲೀಟರ್ ನೀರಿನ ಟ್ಯಾಂಕ್ ಇದೆ. ಈಗ ಕಾರವಾರದಲ್ಲಿ 14 ಅಡಿಯ ಹಳೆ ಫೈಬರ್ ದೋಣಿ ಸಿಕ್ಕಿದೆ, ಟ್ರೇಲರ್ ಸೇರಿ 500 ಕೆಜಿ ಅಂತಾರೆ. ಅದನ್ನು ಶಿರಸಿಯ ಮನೆಯಲ್ಲಿಟ್ಟು, ರಜೆ ಬಂದಾಗ ಎಲ್ಲರೂ ಕುಮಟಾ ದಾರಿಯ ದೇವಿಮನೆ ಘಟ್ಟ ಇಳಿದು ಕಾಳಿ ನದಿಗೆ ಹೋಗುವ ಆಸೆ. ಗಾಡಿಯ ಪುಸ್ತಕದಲ್ಲಿ ಇದಕ್ಕಿಂತ ಜಾಸ್ತಿಯೇ ಎಳೆಯಬಹುದು ಅಂತಿದೆ. ಆದರೆ ಡಬ್ಬ ಬಂಪರ್‌ಗಿಂತ ಎರಡಡಿ ಹಿಂದೆ ಚಾಚಿದೆ, ಹಿಚ್‌ಗೆ (ಟ್ರೇಲರ್ ಸಿಕ್ಕಿಸುವ ಕೊಂಡಿ) ಉದ್ದ ಪೈಪ್ ವೆಲ್ಡ್ ಮಾಡಿಸಬೇಕು. ಮಾಡಿಸಲಾ?

ಬೈತಖೋಲ್_ಬೋಟು:
ಬೇಡ ಮಾರಾಯ್ರೆ, ಮೊದಲು ತೂಕ ನೋಡಿ. ಪುಸ್ತಕದ ಅಂಕಿ ನೋಡಿ ಧೈರ್ಯ ಮಾಡಬೇಡಿ, ಡಬ್ಬ, ನೀರು, ಮನೆಮಂದಿ ಎಲ್ಲ ಹತ್ತಿದ ಮೇಲೆ ಗಾಡಿಗೆ ಇನ್ನೆಷ್ಟು ಹೊರುವ ಶಕ್ತಿ ಉಳಿದಿದೆ ಅನ್ನುವುದೇ ಮುಖ್ಯ. ಟ್ರೇಲರ್ ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಹಿಚ್ ಬಾಲ್ (ಟ್ರೇಲರ್ ಮೂತಿ ಕೂರುವ ಗುಂಡು) ಮೇಲೆ ಕೂರಬೇಕು, ಅಂದರೆ ನಿಮಗೆ 50ರಿಂದ 75 ಕೆಜಿ. ಅದೂ ಪಿಕಪ್ಪಿನ ಲೋಡೇ. ಅದು ಎರಡಡಿ ಹಿಂದಕ್ಕೆ ಹೋದರೆ ಹಿಂದಿನ ಆಕ್ಸಲ್ ಇನ್ನೂ ಕುಸಿಯುತ್ತದೆ, ಮುಂದಿನ ಚಕ್ರ ಹಗುರಾಗಿ ಸ್ಟೀರಿಂಗ್ ತೇಲಿದ ಹಾಗೆ ಅನಿಸುತ್ತದೆ. ಪೈಪ್ ಉದ್ದ ಆದಷ್ಟೂ ಹಿಚ್ ತಡೆಯುವ ತೂಕ ಕಡಿಮೆ. ವೇ ಬ್ರಿಡ್ಜ್‌ನಲ್ಲಿ ಹಿಂದಿನ ಚಕ್ರ ಮಾತ್ರ ನಿಲ್ಲಿಸಿ ಒಮ್ಮೆ ತೂಗಿಸಿ.

ಅಂಕೋಲಾ_ಗಾಳ:
ದೋಣಿಯ ಎಂಜಿನ್ ಎಲ್ಲಿಡುತ್ತೀರಿ ಅಂತ ಹೇಳಲಿಲ್ಲ. ನಾನು ಸುಮ್ನೆ ದೋಣಿಯ ಹಿಂದೆಯೇ ಬಿಟ್ಟಿದ್ದೆ, ಸುಮಾರು 40 ಕೆಜಿ. ಹೆದ್ದಾರಿಯಲ್ಲಿ 70ರ ವೇಗದಲ್ಲಿದ್ದೆ, ಲಾರಿಯೊಂದು ಪಕ್ಕದಲ್ಲಿ ಹಾದು ಹೋದದ್ದೇ ತಡ, ಟ್ರೇಲರ್ ಆ ಕಡೆ ಈ ಕಡೆ ಬಾಲ ಬೀಸಲು ಶುರು ಮಾಡಿತು. ಕನ್ನಡಿಯಲ್ಲಿ ದೋಣಿ ಒಮ್ಮೆ ಎಡಕ್ಕೆ ಕಾಣುತ್ತದೆ, ಒಮ್ಮೆ ಬಲಕ್ಕೆ. ಬ್ರೇಕ್ ಒತ್ತದೆ ಆಕ್ಸಿಲರೇಟರ್ ಬಿಟ್ಟೆ, ಸ್ಟೀರಿಂಗ್ ನೇರ ಹಿಡಿದೆ, ನಿಧಾನಕ್ಕೆ ಸರಿಯಾಯಿತು. ಬದಿಗೆ ನಿಲ್ಲಿಸಿ ಕೊಂಡಿ ಬಿಚ್ಚಿದರೆ ಟ್ರೇಲರ್ ಮೂತಿ ಒಂದೇ ಕೈಯಲ್ಲಿ ಮೇಲೆದ್ದಿತು! ಭಾರವೆಲ್ಲ ಹಿಂದೆಯೇ ಇತ್ತು. ಎಂಜಿನ್ ಮುಂದಕ್ಕೆ ಸರಿಸಿ ಕಟ್ಟಿದ ಮೇಲೆ ಆ ತೊಂದರೆ ಬರಲೇ ಇಲ್ಲ.

ಘಟ್ಟದ_ಡ್ರೈವರ್:
ದೇವಿಮನೆ ಹತ್ತುವುದು ಕಷ್ಟವಲ್ಲ, ಇಳಿಯುವಾಗಲೇ ಭಯ. ಟ್ರೇಲರ್‌ಗೆ ಬ್ರೇಕ್ ಇಲ್ಲದಿದ್ದರೆ ಎಲ್ಲ ಭಾರ ನಿಮ್ಮ ಪಿಕಪ್ಪಿನ ಬ್ರೇಕ್ ಮೇಲೆ, ಅದಂತೂ ಮೊದಲೇ ಡಬ್ಬ ಹೊತ್ತು ದಣಿದಿರುತ್ತದೆ. ತಿರುವು ಶುರುವಾಗುವ ಮೊದಲೇ ಎರಡನೇ ಗೇರಿಗೆ ಬನ್ನಿ, ಬ್ರೇಕ್ ಒತ್ತಿಯೇ ಇಡಬೇಡಿ. ಕರಕಲು ವಾಸನೆ ಬಂದರೆ ಅಲ್ಲೇ ಬದಿಗೆ ನಿಲ್ಲಿಸಿ ಆರಲು ಬಿಡಿ. ಸೇಫ್ಟಿ ಚೈನ್ ಎರಡನ್ನೂ ಕೊಂಡಿಯ ಕೆಳಗೆ ಅಡ್ಡಡ್ಡ ಹಾಕಿ. ಟ್ರೇಲರ್‌ಗೂ ರಿಜಿಸ್ಟ್ರೇಶನ್ ಬೇಕು, ದೋಣಿ ಮಾರುವವರ ಹತ್ತಿರ ಕಾಗದ ಕೇಳಿ.

ಬೈತಖೋಲ್_ಬೋಟು:
ಇನ್ನೊಂದು. ಓಡಿ ಬಂದ ಟ್ರೇಲರ್ ಚಕ್ರದ ಬಿಸಿ ಹಬ್ (ಬೇರಿಂಗ್ ಇರುವ ನಡುಭಾಗ) ಕೂಡಲೇ ಉಪ್ಪುನೀರಿಗೆ ಇಳಿಸಬೇಡಿ, ನೀರು ಒಳಗೆ ಎಳೆದುಕೊಂಡು ಬೇರಿಂಗ್ ಹಾಳಾಗುತ್ತದೆ. ಅರ್ಧ ಗಂಟೆ ಬಿಡಿ, ಸಂಜೆ ಸಿಹಿನೀರಿನಲ್ಲಿ ತೊಳೆಯಿರಿ.

ಶಿರಸಿ_ಪಿಕಪ್:
ತೂಗಿಸಿ ಬಂದೆ. ಮನೆಯವರು, ಮಕ್ಕಳು, ತುಂಬಿದ ಟ್ಯಾಂಕ್ ಸೇರಿ ಹಿಂದಿನ ಆಕ್ಸಲ್‌ನಲ್ಲಿ ಇನ್ನು 30 ಕೆಜಿಗೆ ಮಾತ್ರ ಜಾಗ ಇದೆ. ವೆಲ್ಡಿಂಗ್ ವಿಚಾರ ಬಿಟ್ಟೆ. ಈ ಸಲ ಡಬ್ಬ ಇಳಿಸಿಟ್ಟು ಖಾಲಿ ಪಿಕಪ್‌ನಲ್ಲಿ ದೋಣಿ ತರುತ್ತೇನೆ, ಆಮೇಲೆ ಡಬ್ಬದ ಹಿಂಭಾಗ ಎರಡಡಿ ಮೊಟಕು ಮಾಡಿಸುವುದು.