ಬಿಪಿ ಮಾತ್ರೆ: ನಮ್ಮ ಕಲಬುರಗಿ ಗುಂಪಿನ ಡಾಕ್ಟರ್ ಮೇಡಂಗೆ ಕೇಳಿ

ಬಸಮ್ಮ, ಜೇವರ್ಗಿ: ಮೇಡಂ, ಆಮ್ಲೋಡಿಪಿನ್ 10 ಎಂಜಿ ಶುರು ಮಾಡಿದಾಗಿನಿಂದ ಸಂಜೆ ಆದ್ರೆ ಪಾದಕ್ಕೆ ಬಾವು. ಚಪ್ಪಲಿ ಹಿಡಿಸುತ್ತಿಲ್ಲ. ಕಿಡ್ನಿ ಹೋಯ್ತಾ?

ಡಾಕ್ಟರ್: ಆ ಮಾತ್ರೆಯಿಂದ ಬಾವು ಬರೋದು ಮಾಮೂಲು. 5ಕ್ಕಿಂತ 10ರಲ್ಲಿ ಜಾಸ್ತಿ. ಬರೆದುಕೊಟ್ಟವರಿಗೆ ಪಾದ ತೋರಿಸಿ, ಡೋಸ್ ಇಳಿಸುತ್ತಾರೆ ಇಲ್ಲವೇ ಮಾತ್ರೆ ಬದಲಿಸುತ್ತಾರೆ. ಉಸಿರಾಡಲು ಕಷ್ಟವಾದರೆ, ಅಥವಾ ಒಂದೇ ಕಾಲು ಬಾತು ನೋಯುತ್ತಿದ್ದರೆ ಇವತ್ತೇ ಹೋಗಿ.

ರಜಾಕ್: ರಾಮಿಪ್ರಿಲ್ ತಗೋತೀನಿ. ರಾತ್ರಿಯೆಲ್ಲಾ ಒಣಕೆಮ್ಮು.

ಡಾಕ್ಟರ್: ಮಾತ್ರೆಯದ್ದೇ ಇರಬಹುದು. ಬದಲಿ ಇದೆ, ನಿಮ್ಮ ಡಾಕ್ಟರನ್ನು ಕೇಳಿ. ತುಟಿ, ನಾಲಿಗೆ ಬಾತರೆ ಮಾತ್ರ ಕಾಯಬೇಡಿ, ನೇರ ಆಸ್ಪತ್ರೆಗೆ ಓಡಿ.

ಸಂಗೀತಾ: ಮನೆಗೆ ಯಾವ ಬಿಪಿ ಮಷಿನ್ ಒಳ್ಳೇದು?

ಶರಣು, ಆಳಂದ: ಅಪ್ಪನಿಗೆ 68. ಟೆಲ್ಮಿಸಾರ್ಟಾನ್, ಹೈಡ್ರೋಕ್ಲೋರೋಥಯಝೈಡ್ ಎರಡೂ ಸೇರಿದ ಮಾತ್ರೆ. ಎದ್ದು ನಿಂತರೆ ತಲೆ ತಿರುಗುತ್ತದೆ. ನಿನ್ನೆಯಿಂದ ಮೂತ್ರನೂ ಕಡಿಮೆ.

ಡಾಕ್ಟರ್: ಹೊಲಕ್ಕೆ ಹೋಗ್ತಾರಾ? ಮೊಣಕಾಲು ನೋವಿಗೆ ಏನಾದರೂ ನುಂಗ್ತಾರಾ?

ಶರಣು: ಬಿಸಿಲಲ್ಲೂ ಹೋಗ್ತಾನೆ ಮೇಡಂ, ಕೇಳಲ್ಲ. ಮೆಡಿಕಲ್‌ನಿಂದ ಡೈಕ್ಲೋಫೆನಾಕ್ ತಂದು ದಿನಾ ಎರಡು.

ಡಾಕ್ಟರ್: ನನಗೆ ಇದೇ ಭಯ ಇತ್ತು. ಸರಿಯಾಗಿ ಓದು ಶರಣು. ಡೈಕ್ಲೋಫೆನಾಕ್ ಕಿಡ್ನಿಯ ಒಳಗೆ ರಕ್ತ ಬರುವ ನಾಳವನ್ನು ಬಿಗಿ ಮಾಡುತ್ತದೆ. ಟೆಲ್ಮಿಸಾರ್ಟಾನ್ ಹೊರಗೆ ಹೋಗುವ ನಾಳವನ್ನು ಸಡಿಲ ಮಾಡುತ್ತದೆ. ಸೋಸಲು ಬೇಕಾದ ಒತ್ತಡವೇ ಉಳಿಯಲ್ಲ. ಮೇಲೆ ಹೈಡ್ರೋಕ್ಲೋರೋಥಯಝೈಡ್, ಅಂದ್ರೆ ಮೂತ್ರ ಹೆಚ್ಚಿಸುವ ಮಾತ್ರೆ, 40 ಡಿಗ್ರಿ ದಾಟಿದ ಬಿಸಿಲು, ಬೆವರು. ಬಿಡಿಬಿಡಿಯಾಗಿ ನಡೆಯುವ ಮಾತ್ರೆಗಳು ಸೇರಿದಾಗ ಕಿಡ್ನಿ ಕೈಕೊಡಬಹುದು. ನೋವಿನ ಮಾತ್ರೆಯಿಂದ ಬಿಪಿನೂ ಏರುತ್ತದೆ, ಆಗ ಬಿಪಿ ಮಾತ್ರೆ ಇನ್ನೂ ಏರಿಸುತ್ತಾರೆ. ನೋವಿನ ಮಾತ್ರೆ ಈಗಲೇ ನಿಲ್ಲಿಸು. ಇವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗು, ಎಲ್ಲಾ ಮಾತ್ರೆ ಚೀಟಿ ಸಮೇತ. ರಕ್ತದಲ್ಲಿ ಕ್ರಿಯೇಟಿನಿನ್ (ಕಿಡ್ನಿ ಎಷ್ಟು ಸೋಸುತ್ತಿದೆ ಅಂತ ತೋರಿಸುತ್ತದೆ), ಸೋಡಿಯಂ, ಪೊಟ್ಯಾಶಿಯಂ ನೋಡಬೇಕು. ಮುಂದಿನ ಬಿಪಿ ಮಾತ್ರೆ ಕೊಡಬೇಕೋ ಬೇಡವೋ ಅಲ್ಲೇ ಕೇಳು.

ಮಲ್ಲಣ್ಣ: ಫಾರ್ವರ್ಡ್ ಬಂದಿದೆ ನೋಡಿ. ಖಾಲಿ ಹೊಟ್ಟೆಗೆ ಬೆಳ್ಳುಳ್ಳಿ, ಎಳನೀರು. 21 ದಿನದಲ್ಲಿ ಬಿಪಿ ಮಾತ್ರೆ ಬಂದ್.

ಡಾಕ್ಟರ್: ಬೆಳ್ಳುಳ್ಳಿ ಚಟ್ನಿಗೆ ಹಾಕಿ. ಮಾತ್ರೆ ನೀವೇ ನಿಲ್ಲಿಸಬೇಡಿ, ಲಕ್ವಾ ಹೇಳಿ ಬರಲ್ಲ. ಟೆಲ್ಮಿಸಾರ್ಟಾನ್ ತಗೊಳ್ಳುವವರು, ಅದರಲ್ಲೂ ಕಿಡ್ನಿ ತೊಂದರೆ ಇದ್ದವರು, ದಿನಾ ಎಳನೀರು ಕುಡಿದರೆ ಪೊಟ್ಯಾಶಿಯಂ ಏರಿ ಎದೆಬಡಿತವೇ ಹದ ತಪ್ಪಬಹುದು.

ಮಲ್ಲಣ್ಣ: ನಮ್ಮ ಅಜ್ಜ ಒಂದು ಮಾತ್ರೆ ನುಂಗದೆ 90 ದಾಟಿದರು.

ವಿಜಯಾ: ನಿಮ್ಮ ಅಜ್ಜ ದಿನಾ ಸಂಜೆ ಸುಸಲಾ ಮಿರ್ಚಿ ತಿಂತಿದ್ರಾ ಅಣ್ಣಾ?

ಮಲ್ಲಣ್ಣ: ನಾನು ಏನು ತಿಂತೀನಿ ಅದು ನಿಮಗ್ಯಾಕ್ರೀ?

ವಿಜಯಾ: ಹೋದ ತಿಂಗಳು ಮೆಂತ್ಯದ ನೀರು ಹಾಕಿದವರೂ ನೀವೇ. ನಮ್ಮ ಅತ್ತೆ ಅದನ್ನು ನಂಬಿ ಮಾತ್ರೆ ಬಿಟ್ಟು ಬಿಪಿ 200 ದಾಟಿಸಿಕೊಂಡರು.

ಮಲ್ಲಣ್ಣ: ನಾನು ಬಿಡು ಅಂದಿದ್ನಾ?

ರಜಾಕ್: ಮೆಸೇಜಿನಲ್ಲಿ ಅದೇ ಬರೆದಿತ್ತಲ್ಲ.

ಸಿದ್ದು: ಮೇಡಂ, ನನಗೂ ಪಾದಕ್ಕೆ ಬಾವು. ಆಮ್ಲೋಡಿಪಿನ್.

ಡಾಕ್ಟರ್: ಮೇಲೆ ಬರೆದಿದ್ದೇನೆ. ಓದಿ.

ಸಂಗೀತಾ: ಮೇಡಂ, ಮಷಿನ್?

ಮಲ್ಲಣ್ಣ: ಡಾಕ್ಟರುಗಳಿಗೆ ಕಂಪನಿಯಿಂದ ಕಮಿಷನ್ ಬರುತ್ತದೆ, ಅದಕ್ಕೇ.

ಡಾಕ್ಟರ್: ಮಲ್ಲಣ್ಣನವರೇ, ಇನ್ನೊಂದು ಫಾರ್ವರ್ಡ್ ಹಾಕಿದರೆ ನಾನು ಗುಂಪು ಬಿಡ್ತೀನಿ. ಶರಣು, ಹೊರಟ್ರಾ?

ಶರಣು: ಅಪ್ಪ ನಾಳೆ ನೋಡೋಣ ಅಂತಾನೆ. ಮತ್ತೆ ಮೊಣಕಾಲಿಗೆ ಏನು ಕೊಡಲಿ ಮೇಡಂ?

ಡಾಕ್ಟರ್: ಮೊಣಕಾಲು ಆಮೇಲೆ. ಮೊದಲು ರಕ್ತ ಕೊಡಲಿ. ಫೋನ್ ಅವರ ಕೈಗೆ ಕೊಡು, ನಾನೇ ಮಾತಾಡ್ತೀನಿ.