ಸೈನಿಕರ ಮನೆಸಾಮಾನು ಸಾಗಣೆ: ಹೆಚ್ಚುವರಿ ತೂಕದ ವಸೂಲಿಯನ್ನು ಪ್ರಶ್ನಿಸಬಹುದೇ?

ಪ್ರಶ್ನೆ: ಸರ್, ನಾನು ಅಮೆರಿಕದ ಸೇನೆಯಲ್ಲಿ ಇ-6 ದರ್ಜೆಯಲ್ಲಿದ್ದೇನೆ, ಕುಟುಂಬ ಜೊತೆಗಿರುವುದರಿಂದ ಸರ್ಕಾರದ ಖರ್ಚಿನಲ್ಲಿ ಸಾಗಿಸಬಹುದಾದ ಮನೆಸಾಮಾನಿನ ನನ್ನ ಮಿತಿ 11,000 ಪೌಂಡ್. ವರ್ಜೀನಿಯಾದಿಂದ ವಾಷಿಂಗ್ಟನ್ ರಾಜ್ಯಕ್ಕೆ ವರ್ಗವಾದಾಗ ಸಾಮಾನು 12,320 ಪೌಂಡ್ ತೂಗಿತೆಂದು ಹೇಳಿ, ಒಟ್ಟು ವೆಚ್ಚ 14,000 ಡಾಲರ್‌ನಲ್ಲಿ ನನ್ನ ಪಾಲು 1,500 ಡಾಲರ್ ಎಂದು ಸಂಬಳದಿಂದ ಮುರಿದುಕೊಳ್ಳುವ ನೋಟಿಸು ಬಂದಿದೆ. ಹಿಂದಿನ ವರ್ಗಾವಣೆಯಲ್ಲಿ ಇದೇ ಸಾಮಾನು 10,400 ಪೌಂಡ್ ಇತ್ತು. ಮಿತಿ ದಾಟುವುದಿಲ್ಲವೆಂದು ಸಾಗಣೆ ಕಚೇರಿಯವರೇ ಭರವಸೆ ಕೊಟ್ಟಿದ್ದರು. ಇದನ್ನು ಮನ್ನಾ ಮಾಡಿಸಬಹುದೇ?

ಉತ್ತರ: ಲೆಕ್ಕವೇನೋ ಸರಿಯಾಗಿದೆ. ಹೆಚ್ಚಾದ 1,320 ಪೌಂಡ್ ಒಟ್ಟು ತೂಕದಲ್ಲಿ ಎಷ್ಟು ಭಾಗವೋ, ವೆಚ್ಚದಲ್ಲಿಯೂ ಅಷ್ಟೇ ಭಾಗ ನಿಮ್ಮ ಮೇಲೆ ಬರುತ್ತದೆ. ಆದರೆ ನೀವು ಮುಂದಿಟ್ಟ ಎರಡು ವಾದಗಳೂ ದುರ್ಬಲವಾದವು. ಅಧಿಕಾರಿಯ ತಪ್ಪು ಸಲಹೆ ಸರ್ಕಾರವನ್ನು ಕಟ್ಟಿಹಾಕುವುದಿಲ್ಲ. ಹಿಂದಿನ ಸಾಗಣೆಯ ತೂಕ ಅನುಮಾನಕ್ಕೆ ಎಡೆಮಾಡಿಕೊಟ್ಟೀತೇ ಹೊರತು ಈ ಸಲದ ತೂಕ ತಪ್ಪೆಂದು ಅದೊಂದರಿಂದಲೇ ಸಾಬೀತಾಗದು. ಮನ್ನಾ ಎಂಬುದು ತಪ್ಪಾಗಿ ಪಾವತಿಯಾದ ಹಣಕ್ಕೆ ಅನ್ವಯಿಸುತ್ತದೆ. ಇಲ್ಲಿ ಸಾಗಣೆದಾರರಿಗೆ ಸಂದಾಯವಾದದ್ದು ಕ್ರಮಬದ್ಧವಾಗಿಯೇ ಇದ್ದರೆ, ಆ ದಾರಿಯೂ ಸಾಮಾನ್ಯವಾಗಿ ತೆರೆಯುವುದಿಲ್ಲ.

ನೀವು ಮೊದಲು ಕೇಳಿ ಪಡೆಯಬೇಕಾದದ್ದು ತೂಕದ ಚೀಟಿಗಳನ್ನು. ಖಾಲಿ ಲಾರಿಯದೊಂದು, ತುಂಬಿದ ಲಾರಿಯದೊಂದು. ವಾಹನದ ಸಂಖ್ಯೆ ಎರಡರಲ್ಲಿಯೂ ಒಂದೇ ಆಗಿದೆಯೇ, ದಿನಾಂಕಗಳು ಸಾಮಾನು ತುಂಬಿದ ದಿನಕ್ಕೆ ಹೊಂದುತ್ತವೆಯೇ, ಬೇರೆಯವರ ಸಾಮಾನೂ ಅದೇ ಲಾರಿಯಲ್ಲಿ ಇತ್ತೇ ಎಂದು ನೋಡಿ. ಖಾಲಿ ತೂಕದ ನಂತರ ಇಂಧನ ತುಂಬಿಸಿದ್ದರೆ ಅದೂ ನಿಮ್ಮ ಸಾಮಾನಿನ ಲೆಕ್ಕಕ್ಕೇ ಸೇರಿಹೋಗುತ್ತದೆ. ಡೀಸೆಲ್ ಗ್ಯಾಲನ್ನಿಗೆ ಸುಮಾರು 7 ಪೌಂಡ್ ತೂಗುವುದರಿಂದ 100 ಗ್ಯಾಲನ್ ಎಂದರೆ 700 ಪೌಂಡ್, ನಿಮ್ಮ ವಿವಾದದ ಅರ್ಧಕ್ಕೂ ಹೆಚ್ಚು. ತೂಗುವಾಗ ಸಿಬ್ಬಂದಿ ಲಾರಿಯಲ್ಲಿ ಕೂತಿರಬಾರದೆಂಬ ನಿಯಮವೂ ಇದೆ, ಆದರೆ ಅದು ಮುರಿದದ್ದನ್ನು ತೋರಿಸುವುದು ಕಷ್ಟ.

ಮರುಪ್ರಶ್ನೆ: ಸಾಮಾನು ಇಳಿಸುವ ಮುನ್ನ ಮರುತೂಕ ಮಾಡಿ ಎಂದು ಕೇಳಿದ್ದೆ, ಮಾಡಲಿಲ್ಲ. ಇನ್ನೊಂದು ವಿಷಯವೆಂದರೆ, ನನ್ನ ಸೇನಾ ಕೆಲಸದ ಪುಸ್ತಕ, ಸಲಕರಣೆಗಳು ಹತ್ತಾರು ಪೆಟ್ಟಿಗೆಗಳಷ್ಟಿದ್ದವು.

ಉತ್ತರ: ಮರುತೂಕ ಕೇಳುವ ಹಕ್ಕು ನಿಮಗಿತ್ತು, ಮಾಡಿದ್ದರೆ ಎರಡರಲ್ಲಿ ಕಡಿಮೆಯ ತೂಕವೇ ನಿಲ್ಲುತ್ತಿತ್ತು. ಮಾಡಲಿಲ್ಲವೆಂದ ಮಾತ್ರಕ್ಕೆ ಮೂಲ ತೂಕ ಅಸಿಂಧುವಾಗುವುದಿಲ್ಲ ಎಂಬುದು ನನಗೂ ಅನ್ಯಾಯವೆನಿಸುವ ಸಂಗತಿ, ಆದರೂ ನಿರ್ಣಯಗಳು ಹಾಗೆಯೇ ಬಂದಿವೆ. ಕೇಳಿದ್ದಕ್ಕೆ ಬರಹದ ದಾಖಲೆಯಿದ್ದರೆ ಲಗತ್ತಿಸಿ.

ಎರಡನೆಯದು ಹೆಚ್ಚು ಮುಖ್ಯವಾದುದು. ವೃತ್ತಿಸಂಬಂಧಿ ಸಾಮಾನು, ಅಂದರೆ ಪ್ರೊ-ಗೇರ್, ಸೈನಿಕನಿಗೆ 2,000 ಪೌಂಡ್‌ವರೆಗೆ, ಸಂಗಾತಿಗೆ 500 ಪೌಂಡ್‌ವರೆಗೆ ಮಿತಿಯ ಲೆಕ್ಕದಿಂದ ಹೊರಗಿರುತ್ತದೆ. ಸಾಗಣೆಗೆ ಮೊದಲೇ ಅದನ್ನು ಘೋಷಿಸಿ, ಇನ್ವೆಂಟರಿಯಲ್ಲಿ, ಅಂದರೆ ಸಾಮಾನಿನ ಪಟ್ಟಿಯಲ್ಲಿ, ಹಾಗೆಂದೇ ಬರೆಸಿ, ಬೇರೆಯಾಗಿ ತೂಗಿಸಿರಬೇಕು. ಪಟ್ಟಿಯಲ್ಲಿ ಆ ಗುರುತಿದ್ದೂ ತೂಕ ಕಳೆಯದೆ ಬಿಟ್ಟಿದ್ದರೆ ನಿಮ್ಮ ಕೈ ಬಲವಾಗಿದೆ. ಬರೀ ‘ಪುಸ್ತಕಗಳು’ ಎಂದು ಬರೆದಿದ್ದರೆ, ಈಗ ನೆನಪಿನಿಂದ ತೂಕ ಹೇಳಿ ಒಪ್ಪಿಸುವುದು ಬಹಳ ಕಠಿಣ.

ಇವೆಲ್ಲವನ್ನೂ ಸೇರಿಸಿ ನಿಮ್ಮ ಸೇನಾ ವಿಭಾಗಕ್ಕೆ ಆಕ್ಷೇಪಣೆ ಸಲ್ಲಿಸಿ. ಅಲ್ಲಿ ತಿರಸ್ಕೃತವಾದರೆ ರಕ್ಷಣಾ ಇಲಾಖೆಯ ವಿಚಾರಣೆ ಮತ್ತು ಮೇಲ್ಮನವಿ ಕಚೇರಿಯವರೆಗೆ ಹೋಗಬಹುದು. ಅಲ್ಲಿಯೂ ಸಾಬೀತುಪಡಿಸುವ ಹೊಣೆ ನಿಮ್ಮದೇ ಆದ್ದರಿಂದ ಚೀಟಿಗಳ ಪ್ರತಿ ಕೈಗೆ ಬರುವ ಮೊದಲು ಆಕ್ಷೇಪಣೆಯ ಕಾರಣಗಳನ್ನು ಬರೆಯಲು ಕೂರಬೇಡಿ.