ಸಣ್ಣ ತೋಟಕ್ಕೆ ಕರೆಂಟು, ಡೀಸೆಲ್ ಜಾಸ್ತಿ ಬೇಕಾಗುತ್ತದಾ?

ಮದ್ದೂರು_ಸಪೋಟ:
ನಮ್ಮದು ಮದ್ದೂರು ಹತ್ತಿರ ಎರಡು ಎಕರೆ ಸಪೋಟ. ಬೋರ್‌ನಲ್ಲಿ ನೀರು 330 ಅಡಿ ಕೆಳಗಿದೆ, ಮೋಟಾರ್ 7.5 ಎಚ್‌ಪಿ. ಪಕ್ಕದವರದು ಹದಿನೈದು ಎಕರೆ. ದೊಡ್ಡ ತೋಟದಲ್ಲಿ ಒಂದು ಕೆಜಿ ಹಣ್ಣಿಗೆ ಬೀಳುವ ಕರೆಂಟು, ಡೀಸೆಲ್ ಕಮ್ಮಿ, ಸಣ್ಣವರದ್ದು ಬರೀ ದಂಡ ಅನ್ನುತ್ತಾರೆ. ನಿಜಾನಾ?

ನಾಲೆ_ಬಯಲು:
ಟ್ರ್ಯಾಕ್ಟರ್ ಮಟ್ಟಿಗೆ ನಿಜ. ಸಣ್ಣ ಹೊಲದಲ್ಲಿ ಗಾಡಿ ತಿರುಗಿಸುವುದರಲ್ಲೇ ಡೀಸೆಲ್ ಹೋಗುತ್ತದೆ. ಆದರೆ ನೀರಿಗೆ ಎಕರೆ ಲೆಕ್ಕ ಇಲ್ಲ, ಆಳದ್ದೇ ಲೆಕ್ಕ. ಸಾವಿರ ಲೀಟರ್ ನೀರನ್ನು 330 ಅಡಿ ಮೇಲೆತ್ತಲು ಕನಿಷ್ಠ 0.27 ಯೂನಿಟ್ ಬೇಕೇ ಬೇಕು, ಯಾರ ತೋಟವಾದರೂ ಅಷ್ಟೇ, ಪಂಪು ಮೋಟಾರ್ ಸೇರಿ 40 ಪರ್ಸೆಂಟ್ ದಕ್ಷತೆ ಇದ್ದರೆ ಅದು 0.7 ಯೂನಿಟ್ ಹತ್ತಿರ ಹೋಗುತ್ತದೆ, ಪೈಪು ಸಣ್ಣದಿದ್ದರೆ ಇನ್ನೂ ಜಾಸ್ತಿ. ಕೆಆರ್‌ಎಸ್ ಅಣೆಕಟ್ಟಿನಿಂದ ಬರುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ನೀರು ತಾನಾಗಿ ಹರಿದು ಬರುವ ಪಾಂಡವಪುರದ ಅರ್ಧ ಎಕರೆ ಬಾಳೆಗೆ ಈ ಖರ್ಚೇ ಇಲ್ಲ. ನಾಗಮಂಗಲ ಕಡೆ ಬೋರ್ ನಂಬಿದ ಇಪ್ಪತ್ತು ಎಕರೆಗೆ ಇದೇ ದೊಡ್ಡ ಖರ್ಚು.

ಹಸಿರೆಲೆ_ಮೈಸೂರು:
ಗೊಬ್ಬರ ಯಾರೂ ಲೆಕ್ಕಕ್ಕೇ ಹಿಡಿಯುತ್ತಿಲ್ಲ ನೋಡಿ! ಯೂರಿಯಾ ತಯಾರಾಗುವುದು ನೈಸರ್ಗಿಕ ಅನಿಲದಿಂದ. 45 ಕೆಜಿಯ ಒಂದು ಮೂಟೆ ಮಾಡಲು ಹೋಗುವ ಶಕ್ತಿ ಸುಮಾರು 30 ಲೀಟರ್ ಡೀಸೆಲ್‌ಗೆ ಸಮ. ಅದು ನಮ್ಮ ಮೀಟರ್‌ನಲ್ಲಿ ಕಾಣುವುದಿಲ್ಲ ಅಷ್ಟೇ. ಸಾಲಿನ ನಡುವೆ ಹಸಿರು ಗೊಬ್ಬರಕ್ಕೆ ಅಂತ ಸೆಣಬು ಬಿತ್ತಿ ಹೂ ಬರುವ ಹೊತ್ತಿಗೆ ಮಣ್ಣಿಗೆ ಸೇರಿಸಿ, ಬದುವಿನ ಗ್ಲಿರಿಸಿಡಿಯಾ (ಗೊಬ್ಬರದ ಗಿಡ) ಸೊಪ್ಪು ಬುಡಕ್ಕೆ ಹಾಕಿ. ಯೂರಿಯಾ ಕಮ್ಮಿಯಾಗುತ್ತದೆ, ಮಣ್ಣಲ್ಲಿ ತೇವವೂ ಉಳಿಯುತ್ತದೆ, ಮೋಟಾರ್ ಓಡುವ ಗಂಟೆಗಳೂ ಇಳಿಯುತ್ತವೆ. ಇದು ಸಣ್ಣ ತೋಟದವರಿಗೇ ಸುಲಭ, ಅಲ್ವಾ?

ಮದ್ದೂರು_ಸಪೋಟ:
ತುಂಬಾ ಉಪಕಾರ. ಡ್ರಿಪ್ ಹಾಕಿದರೆ ಒತ್ತಡಕ್ಕೆ ಅಂತ ಮತ್ತೆ ಕರೆಂಟು ಬೇಕಲ್ಲ, ಲಾಭ ಇದೆಯಾ? 5 ಎಚ್‌ಪಿ ಸಾಕಾಗುತ್ತದಾ?

ನಾಲೆ_ಬಯಲು:
ಡ್ರಿಪ್‌ಗೆ ಒಂದು ಕೆಜಿ ಒತ್ತಡ (ಚದರ ಸೆಂಟಿಮೀಟರಿಗೆ) ಅಂದರೆ 33 ಅಡಿ ಜಾಸ್ತಿ ಎತ್ತಿದ ಹಾಗೆ. ನಿಮ್ಮ 330 ಅಡಿಗೆ ಅದು ಹತ್ತು ಪರ್ಸೆಂಟ್. ನೀರು ಮೂರರಲ್ಲಿ ಒಂದು ಪಾಲು ಉಳಿದರೂ ಕರೆಂಟು ಉಳಿಯಿತು. 10 ಎಚ್‌ಪಿವರೆಗೆ ಕರೆಂಟು ಫ್ರೀ ಅಂತ ಕರೆಂಟು ಬಂದ ತಕ್ಷಣ ಮೋಟಾರ್ ತಾನೇ ಓಡುವ ಆಟೋ ಸ್ಟಾರ್ಟರ್ ಹಾಕಿ ಬಿಟ್ಟುಬಿಡುತ್ತಾರೆ, ನೀರು ಸುಮ್ನೆ ಹರಿಯುತ್ತದೆ, ಬೋರ್ ಬತ್ತುತ್ತದೆ. ದಯವಿಟ್ಟು ಅದನ್ನು ಮಾಡಬೇಡಿ. ಎಚ್‌ಪಿ ಇಳಿಸುವ ಮುಂಚೆ 200 ಲೀಟರ್ ಡ್ರಮ್ ತುಂಬಲು ಎಷ್ಟು ಸೆಕೆಂಡು ಬೇಕು ನೋಡಿ, ಮೋಟಾರ್ ಓಡುವಾಗ ನೀರಿನ ಮಟ್ಟ ಎಷ್ಟು ಇಳಿಯುತ್ತದೆ ಅಂತಲೂ ಅಳೆದು ಇಲ್ಲೇ ಹಾಕಿ. ಎಷ್ಟು ಸ್ಟೇಜಿನ (ಒಳಗೆ ನೀರೆತ್ತುವ ಚಕ್ರಗಳ) ಪಂಪು ಬೇಕು ಅಂತ ಹೇಳುತ್ತೇನೆ.